ಕುಟಿಗನ ಕಳ್ಳಂಗಡಿ

ವಿರಾಜಪೇಟೆಯ ಬಳಿಯ ನಮ್ಮ ಕಾಫಿ ತೋಟದಲ್ಲಿ ಬೆಳಗಿನ ಮಂಜು ಕರಗುವ ಮೊದಲೇ ಕೆಲಸಕ್ಕೆ ಹಾಜರಾಗುವವರು ಇಬ್ಬರು: ನೆರಳಿನ ಮರಗಳನ್ನು ಕುಟ್ಟುವ ಮರಕುಟಿಗ ಮತ್ತು ಬೈನೆ ಮರದಿಂದ ಕಳ್ಳು ಇಳಿಸುವ ಮುದುಕ. ಒಬ್ಬನಿಗೆ ಬೇಕಾದದ್ದು ತೊಗಟೆಯೊಳಗಿನ ಹುಳು, ಇನ್ನೊಬ್ಬನಿಗೆ ರಸ. ಹೀಗಾಗಿ ಈ ಎರಡು ಕಸುಬುಗಳಿಗೆ ಸಂಬಂಧವೇ ಇಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಆದರೆ ಉತ್ತರ ಅಮೆರಿಕದಲ್ಲಿ ಮುದುಕನ ಕಸುಬನ್ನೇ ಹಿಡಿದ ಮರಕುಟಿಗಗಳಿವೆ.

ಅವುಗಳ ಹೆಸರು ಸ್ಯಾಪ್‌ಸಕ್ಕರ್, ಜಾತಿಗಳು 4. ತೊಗಟೆಯಲ್ಲಿ ಸಾಲುಸಾಲಾಗಿ ಸಣ್ಣ ಕುಳಿಗಳನ್ನು ತೋಡಿ, ಒಸರುವ ರಸವನ್ನು ಕುಂಚದಂಥ ನಾಲಿಗೆಯಿಂದ ನೆಕ್ಕುತ್ತವೆ. ರಸಕ್ಕೆ ಮುತ್ತಿದ ಇರುವೆಗಳು ನಂಚಿಕೊಳ್ಳುವುದಕ್ಕೆ. ಇವುಗಳಲ್ಲಿ ಹಳದಿ ಹೊಟ್ಟೆಯ ಜಾತಿಯೊಂದೇ 1000ಕ್ಕೂ ಹೆಚ್ಚು ಬಗೆಯ ಮರಗಿಡಗಳನ್ನು ಕೊರೆದದ್ದು ದಾಖಲಾಗಿದೆ. ಹಾಗೆಂದು ಸಿಕ್ಕ ಮರಕ್ಕೆಲ್ಲ ಕೊಕ್ಕು ಹಾಕುವ ಹಕ್ಕಿ ಇದಲ್ಲ. ರುಚಿ ನೋಡುವುದು ಬೇರೆ, ಖಾತೆ ತೆರೆಯುವುದು ಬೇರೆ. ಖಾತೆ ತೆರೆಯುವುದು ಹೆಚ್ಚಾಗಿ ಬರ್ಚ್, ಮೇಪಲ್‌ಗಳಂಥ ಸಿಹಿರಸದ ಮರಗಳಲ್ಲಿ.

ಚಿಗುರೊಡೆಯುವ ಮುನ್ನ ಬೇರಿನಿಂದ ಮೇಲೇರುವ ತೆಳುರಸಕ್ಕಾಗಿ ದುಂಡನೆಯ ಕುಳಿಗಳನ್ನು ಆಳವಾಗಿ ಕೊರೆಯುವ ಹಕ್ಕಿಯೇ, ಎಲೆ ತುಂಬಿದ ಮೇಲೆ ಎಲೆಗಳಲ್ಲಿ ತಯಾರಾಗಿ ಕೆಳಗಿಳಿಯುವ ಗಟ್ಟಿ ಸಕ್ಕರೆರಸಕ್ಕಾಗಿ ತೊಗಟೆಯಲ್ಲಿ ಚೌಕಾಕಾರದ, ಅಷ್ಟೇನೂ ಆಳವಲ್ಲದ ಕುಳಿಗಳಿಗೆ ಬದಲಾಗುತ್ತದೆ. ನನಗೆ ಇದಕ್ಕಿಂತ ಹೆಚ್ಚು ಸ್ವಾರಸ್ಯವೆನಿಸಿದ್ದು, ಒಂದೇ ಜಾತಿಯ ಹತ್ತು ಮರಗಳು ಪಕ್ಕಪಕ್ಕದಲ್ಲಿದ್ದರೂ ಅದು ಮೊದಲೇ ಗಾಯಗೊಂಡ ಮರವನ್ನು, ಅನೇಕ ವೇಳೆ ತಾನೇ ಹಿಂದೆ ಕೊರೆದ ಮರವನ್ನು, ಹುಡುಕಿಕೊಂಡು ಹೋಗುತ್ತದೆ ಎಂಬುದು. ಕೆಳಗಿಳಿಯುವ ರಸಕ್ಕೆ ಹಳೆಯ ಗಾಯ ಅಡ್ಡವಾದಾಗ, ಬದು ಕಟ್ಟಿದ ಗದ್ದೆಯಲ್ಲಿ ನೀರು ನಿಲ್ಲುವಂತೆ ಸಕ್ಕರೆ ಗಾಯದ ಮೇಲ್ಭಾಗದಲ್ಲಿ ಕೂಡಿಕೊಳ್ಳುತ್ತದೆ. ಹಕ್ಕಿ ಹೊಸ ಕುಳಿಯನ್ನು ತೋಡುವುದೂ ಹಳೆಯದರ ಮೇಲುಗಡೆಯಲ್ಲಿಯೇ. ಮರವಾದರೂ ಸುಮ್ಮನಿರುವುದಿಲ್ಲ, ತನ್ನ ಗಾಯವನ್ನು ಮುಚ್ಚಿಕೊಳ್ಳುತ್ತ ಬರುತ್ತದೆ. ಆದ್ದರಿಂದ ಹಕ್ಕಿ ಮತ್ತೆ ಮತ್ತೆ ಬಂದು ಕುಳಿಯ ಬಾಯಿ ಬಿಡಿಸಬೇಕು. ಕುಳಿಗಳ ಸಾಲು ಕಾಂಡವನ್ನು ಸುತ್ತುವರಿದರೆ ಮರ ಸಾಯುವುದೂ ಉಂಟು.

ಇದನ್ನೆಲ್ಲ ಓದಿದ ದಿನದಿಂದ ನಾನು ಮುದುಕನನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ತೋಟದ ಬೈನೆಗಳಲ್ಲಿ ಹೊಂಬಾಳೆ ಹೊರಟದ್ದನ್ನು ಮಾತ್ರ ಆರಿಸಿ, ಅದನ್ನು ಹದವಾಗಿ ಬಡಿದು, ಬಿಗಿದು ಕಟ್ಟಿ, ತುದಿಯನ್ನು ದಿನವೂ ತೆಳುವಾಗಿ ಕೆತ್ತುತ್ತಾನೆ. ಒಂದು ದಿನ ಕತ್ತಿ ತಪ್ಪಿದರೆ ಮಡಕೆಯಲ್ಲಿ ಕೊರತೆ ಕಾಣುತ್ತದೆಯಂತೆ. ಅವನ ಮಡಕೆಗೂ ಕರೆಯದ ಅತಿಥಿಗಳಿದ್ದಾರೆ: ಜೇನುನೊಣ, ಇರುವೆ, ನಮ್ಮ ಕಾಫಿಹಣ್ಣನ್ನೂ ಬಿಡದ ಕಬ್ಬೆಕ್ಕು. ಅತ್ತ ಸ್ಯಾಪ್‌ಸಕ್ಕರ್‌ನ ಕುಳಿಗಳಿಗೆ ಹಮ್ಮಿಂಗ್‌ಬರ್ಡ್‌ಗಳು ಬರುತ್ತವೆ. ಹೂವುಗಳು ಇನ್ನೂ ಅಪರೂಪವಾಗಿರುವ ವಸಂತದ ಆರಂಭದಲ್ಲಿ ಅವುಗಳಿಗೆ ಆ ರಸವೇ ಆಧಾರ.

ನಮ್ಮ ಹಕ್ಕಿಗಳೂ ಪೂರ್ತಿ ಪಥ್ಯದವಲ್ಲ. ಕಂದು ಮರಕುಟಿಗ ಬಾಳೆಯೆಲೆಯ ಬುಡದ ರಸವನ್ನೂ ಹಾಲುವಾಣದ ಹೂವಿನ ಮಕರಂದವನ್ನೂ ಸವಿಯುತ್ತದೆ. ಕಳೆದ ಫೆಬ್ರವರಿಯಲ್ಲಿ ಅಂಥದೊಂದು ಹಕ್ಕಿ ಕೆಂಪು ಹೂವಿಗೆ ಕೊಕ್ಕಿಟ್ಟದ್ದನ್ನು ಕಂಡು, ಸಮಾನ ಕಸುಬಿನವರನ್ನು ಪರಿಚಯಿಸುವ ಉತ್ಸಾಹದಿಂದ ಮುದುಕನನ್ನು ಕೂಗಿ ಕರೆದೆ. ಅವನು ಕತ್ತೆತ್ತಿ ಮರವನ್ನು ಬುಡದಿಂದ ತುದಿಯವರೆಗೆ ಅಳೆದು ನೋಡಿ, ಹಾಲುವಾಣಕ್ಕೆ ಮಡಕೆ ಕಟ್ಟಲು ಬರುವುದಿಲ್ಲವೆಂದು ಹೇಳಿ ತನ್ನ ಬೈನೆಯ ಕಡೆಗೆ ನಡೆದ.