ಪ್ರಶಸ್ತಿಯೋ, ಪುರಸ್ಕಾರವೋ?

ಮುಂಬಯಿಯ ಕನ್ನಡ ಸಂಘಗಳು ಕೊಡುವ ‘ಪ್ರಶಸ್ತಿ’ಯನ್ನು ಇನ್ನು ‘ಪುರಸ್ಕಾರ’ ಎನ್ನಬೇಕೇ?

ಪರ: ನಿವೃತ್ತ ಶಿಕ್ಷಕಿ, ಡೊಂಬಿವಲಿ

ಎನ್ನಲೇಬೇಕು. ಪ್ರಶಸ್ತಿ ಎಂದರೆ ಹೊಗಳಿಕೆ, ಪ್ರಶಂಸೆಯ ಒಡಹುಟ್ಟು. ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಐಹೊಳೆಯ ಮೇಗುಟಿ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕೆತ್ತಿಸಿದ. ಹರ್ಷನ ಹರ್ಷ ಅಳಿದದ್ದು, 99,000 ಹಳ್ಳಿಗಳ ಮೂರು ಮಹಾರಾಷ್ಟ್ರಗಳು ಕೈಸೇರಿದ್ದು, ನೂರಾರು ಹಡಗುಗಳು ಪುರಿಯನ್ನು ಮುತ್ತಿದ್ದು ಎಲ್ಲವೂ ಅಲ್ಲಿದೆ. (ಆ ಪುರಿ ನಮ್ಮ ಘಾರಾಪುರಿ, ಅಂದರೆ ಮುಂಬಯಿ ಬಳಿಯ ಎಲಿಫೆಂಟಾ ದ್ವೀಪವೇ ಎನ್ನುವವರಿದ್ದಾರೆ.) ಪುಲಕೇಶಿಗೆ ಶಾಲು, ಹಣ್ಣಿನ ಬುಟ್ಟಿ ಸಿಕ್ಕಿದ್ದಕ್ಕೆ ಅದು ಪ್ರಶಸ್ತಿಯಾದದ್ದಲ್ಲ.

ಮರಾಠಿಯವರು ಈ ಭೇದವನ್ನು ಉಳಿಸಿಕೊಂಡಿದ್ದಾರೆ. ಅವರಲ್ಲಿ ಕೊಡುವುದು ಪುರಸ್ಕಾರ. ನನ್ನ ಮಗಳು ಮರಾಠಿ ಶಾಲೆಯ ಮೂರನೆಯ ಇಯತ್ತೆಯಲ್ಲಿದ್ದಾಗ ಚಿತ್ರಕಲೆ ಸ್ಪರ್ಧೆಯಿಂದ ‘ಪ್ರಶಸ್ತಿಪತ್ರಕ’ ತಂದಳು. “ಅಜ್ಜಿ, ನನಗೆ ಪ್ರಶಸ್ತಿ ಸಿಕ್ಕಿತು” ಎಂದು ಧಾರವಾಡಕ್ಕೆ ಫೋನ್ ಮಾಡಿದಳು. ನಮ್ಮ ಅತ್ತೆಯವರು ಸಂಜೆಯೊಳಗೆ ಒಂದು ಕಿಲೋ ಪೇಡೆ ತರಿಸಿ ಓಣಿಗೆಲ್ಲ ಹಂಚಿದರು. ಮೇ ರಜೆಗೆ ಹೋದಾಗ ನೋಡಿದರೆ, ಕಪ್ ಇಡಲೆಂದು ಗೋಡೆಯ ಗೂಡಿನಿಂದ ಗಡಿಯಾರವನ್ನೇ ತೆಗೆದಿರಿಸಿದ್ದರು. ಕಾಗದವನ್ನು ಬಿಚ್ಚಿ ಓದಿ ಹೇಳಿದೆ: ಭಾಗವಹಿಸಿದ್ದಕ್ಕೆ. ಅತ್ತೆ ಮಾತಾಡಲಿಲ್ಲ. ಅದನ್ನು ಗೂಡಿನಲ್ಲಿ ಹಾಸಿ, ಮೇಲೆ ಗಡಿಯಾರವನ್ನು ಇಟ್ಟರು.

ರೂಢಿಯೇ ದೊಡ್ಡದು ಎನ್ನುವವರು ನಾಳೆ ಚಪ್ಪಲಿಯನ್ನೂ ಕಿರೀಟ ಎಂದಾರು.

ವಿರೋಧ: ಸಂಘದ ಕಾರ್ಯಕರ್ತ, ಮಾಟುಂಗ

ಈ ಕಡೆಯಿಂದ ಬರೆಯುವವರು ಸಿಗಲಿಲ್ಲವೆಂದು ನನಗೆ ಹೇಳಿದರು, ಬರೆಯುತ್ತಿದ್ದೇನೆ. ಕುವೆಂಪು ಅವರಿಗೆ 1967ರ ಸಾಲಿನ ಜ್ಞಾನಪೀಠ ಬಂದಾಗ ಅದು ಹಿಂದಿಯಲ್ಲಿ ಪುರಸ್ಕಾರ, ಕನ್ನಡದಲ್ಲಿ ಪ್ರಶಸ್ತಿ. ಯಾರಿಗೂ ಗೊಂದಲವಾಗಲಿಲ್ಲ. ‘ಬಹುಮಾನ’ ಎಂಬುದಕ್ಕೂ ಮೂಲದಲ್ಲಿ ಹೆಚ್ಚಿನ ಆದರ ಎಂದೇ ಅರ್ಥ. ಅದನ್ನು ಓಟದ ಪಂದ್ಯದ ಸ್ಟೀಲ್ ಡಬ್ಬಿಗೆ ಅಂಟಿಸಿದವರು ನಾವೇ. ಅದನ್ನೂ ಬದಲಿಸುವುದೇ? ಇನ್ನು ರವಿಕೀರ್ತಿ, ಅದೇ ಶಾಸನದ ಕೊನೆಗೆ ಕಾಳಿದಾಸ, ಭಾರವಿಯರ ಕೀರ್ತಿ ತನ್ನದೂ ಎಂದುಕೊಂಡಿದ್ದಾನೆ. ಆ ಸಾಲು ಮಾತ್ರ ಟೀಚರಿಗೆ ನೆನಪಾಗುವುದಿಲ್ಲ.

ನಿಜ ಹೇಳಬೇಕೆಂದರೆ, ನಮ್ಮ ಸಭೆಗಳಲ್ಲಿ ಬಿನ್ನವತ್ತಳೆ ಓದುವವನು ನಾನೇ. ‘ಕಡಲತೀರದ ಕನ್ನಡ ಕಲ್ಪವೃಕ್ಷ’ ಎಂದು ಮೂರು ವರ್ಷದಲ್ಲಿ ಮೂವರಿಗೆ ಓದಿದ್ದೇನೆ, ಹೆಸರನ್ನಷ್ಟೇ ಬದಲಿಸಿದೆವು. ಅದಕ್ಕೆ ಪ್ರಶಸ್ತಿ ಎನ್ನಲು ನನಗೂ ನಾಲಿಗೆ ತಡವರಿಸುತ್ತದೆ. ಆದರೆ ಈ ಸಲದ ಹಿತ್ತಾಳೆ ಫಲಕಗಳು ‘ಪ್ರಶಸ್ತಿ’ ಎಂದು ಕೆತ್ತಿಸಿಕೊಂಡೇ ಬಂದಿವೆ, ಹಣವೂ ಸಂದಾಯವಾಗಿದೆ.