ಮನಸ್ಸು ಬದಲಾದರೆ ಮತವೂ ಬದಲಾಗಲಿ

ಚುನಾವಣೆಗೊಂದು ಪಕ್ಷ ಹಿಡಿಯುವ ಮತದಾರನಿಗೆ ಸಿದ್ಧಾಂತವೇ ಇಲ್ಲ ಎಂದು ಕೆಲವರು ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ರಾಜ್ಯವನ್ನೇ ನೋಡಿ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಯ 28 ಸೀಟಿನಲ್ಲಿ 24 ಕಾಂಗ್ರೆಸ್‌ಗೆ ಕೊಟ್ಟ ಜನ, 1985ರ ಮಾರ್ಚ್‌ನಲ್ಲಿ ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವನ್ನು 139 ಕಡೆ ಗೆಲ್ಲಿಸಿದರು. 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ 135, ಮರುವರ್ಷ ಲೋಕಸಭೆಗೆ ಬಿಜೆಪಿ 17. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಅಂತ ಬೇರೆ ಬೇರೆಯಾಗಿ ಯೋಚಿಸಿದವರು ಇವರಲ್ಲಿ ಬಹಳ ಜನ ಇದ್ದಾರೆ.

ಅಷ್ಟಕ್ಕೂ ಪಕ್ಷಗಳೇ ನಿಂತಲ್ಲಿ ನಿಂತಿವೆಯಾ? ಜೆಡಿಎಸ್ 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಕಾಂಗ್ರೆಸ್ ಜೊತೆ, 2023ರಲ್ಲಿ ಮತ್ತೆ ಬಿಜೆಪಿ ಕಡೆ. ಅವರು ಬದಲಾದರೆ ರಾಜಕೀಯ, ನಾವು ಬದಲಾದರೆ ದ್ರೋಹ ಅಂದರೆ ಹೇಗೆ?

ಪಕ್ಷ ಬಿಡಿ, ವ್ಯಕ್ತಿ ನೋಡಿ ಅನ್ನುವವರೂ ಜಾಸ್ತಿ. ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಅಫಿಡವಿಟ್ (ಪ್ರಮಾಣಪತ್ರ) ಖಂಡಿತ ಓದಿ. ಆಸ್ತಿ, ಸಾಲ, ಕೇಸು ಎಲ್ಲಾ ಅದರಲ್ಲಿರುತ್ತದೆ. ಆದರೆ ಸದನದಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಬಂದರೆ ಒಳ್ಳೆಯ ಶಾಸಕರೂ ಪಕ್ಷ ಹೇಳಿದಂತೆ ಮತ ಹಾಕಬೇಕು. ಮೀರಿದರೆ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಸ್ಥಾನವೇ ಹೋಗಬಹುದು. ಹಾಗಾಗಿ ಪಕ್ಷವನ್ನೂ ನೋಡಲೇಬೇಕು ಅಲ್ವಾ?

ನಿಮ್ಮ ಬದುಕಿಗೆ ತಾಗುವ ಎರಡು ಮೂರು ವಿಷಯ ಹಿಡಿದುಕೊಳ್ಳಿ. 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದಿ, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತ ಮಾಡಿದರು. ಅದು ಸರಿಯೋ ತಪ್ಪೋ ನೀವೇ ತೀರ್ಮಾನಿಸಿ. ಆಮೇಲೆ ಪ್ರಚಾರಕ್ಕೆ ಬಂದವರನ್ನು ಕೇಳಿ, ಆಗ ನಿಮ್ಮ ಪಕ್ಷ ಯಾವ ಕಡೆ ಇತ್ತು ಅಂತ.