ಸದಸ್ಯರು ಬೇಕಾಗಿದ್ದಾರೆ, ಮೀಟಿಂಗಿಗೆ

ಕೋಹೌಸಿಂಗ್ ಗೊತ್ತಲ್ವಾ? ಮನೆ ಅವರವರದು. ದೊಡ್ಡ ಅಡುಗೆಮನೆ, ಊಟದ ಹಾಲ್, ತೋಟ ಎಲ್ಲರದು. ವಾರಕ್ಕೆ ಒಂದೆರಡು ಊಟ ಒಟ್ಟಿಗೆ, ಕೆಲಸ ಹಂಚಿಕೊಂಡು. ಕೇಳಿದವರಿಗೆ ಆಸೆಯಾಗುತ್ತದೆ, ಸೇರುತ್ತಾರೆ. ಸೇರಿದ ಮೇಲೆ ಗೊತ್ತಾಗುತ್ತದೆ: ಮನೆ ಇಲ್ಲ, ಜಾಗವೂ ಇಲ್ಲ. ಇರುವುದು ಸಮಿತಿ.

ಇನ್ನೂ ಕಟ್ಟಿಕೊಳ್ಳುತ್ತಿರುವ ಇಂಥ ಗುಂಪಿನ ಸಭೆಗೆ ಒಮ್ಮೆ ಹೋಗಿ ಕೂತುಕೊಳ್ಳಿ. ಹೊಸಬರೊಬ್ಬರು ಕೇಳುತ್ತಾರೆ, "ಮನೆಗೆ ಎಷ್ಟಾಗಬಹುದು?" ಇನ್ನೂ ಲೆಕ್ಕ ಹಾಕಿಲ್ಲ. "ಎಲ್ಲಿ?" ಹುಡುಕುತ್ತಿದ್ದೇವೆ. "ಯಾವಾಗ?" ಎಲ್ಲರೂ ನಗುತ್ತಾರೆ. "ಬೆಕ್ಕು ಸಾಕಬಹುದಾ?" ತಕ್ಷಣ ದಪ್ಪ ಫೈಲು ಹೊರಬರುತ್ತದೆ. ಬೆಕ್ಕನ್ನು ರಾತ್ರಿ ಹೊರಗೆ ಬಿಡಬಹುದೋ, ಹಕ್ಕಿ ಹಿಡಿದರೆ ಹೊಣೆ ಯಾರದು, ಎಲ್ಲ ತೀರ್ಮಾನವಾಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿಗೆ ಉಪಸಮಿತಿಯೂ ಇದೆ.

ತೀರ್ಮಾನವೆಲ್ಲ ಒಮ್ಮತದಿಂದಲೇ ಆಗಬೇಕು. ಒಪ್ಪಿಗೆಗೆ ಹಸಿರು ಕಾರ್ಡು, ತಡೆಯಲು ಕೆಂಪು ಕಾರ್ಡು. ಒಳ್ಳೆಯ ಜಾಗವೊಂದು ಮಾರಾಟಕ್ಕೆ ಬಂತು ಅಂದುಕೊಳ್ಳಿ. ಒಬ್ಬರಿಗೆ ಅಲ್ಲಿನ ಗಾಳಿ ಯಾಕೋ ಸರಿ ಅನ್ನಿಸಲಿಲ್ಲ. ಕೆಂಪು ಕಾರ್ಡು! ಚರ್ಚೆ ಮುಂದಿನ ತಿಂಗಳಿಗೆ ಹೋಯಿತು. ಅಷ್ಟರಲ್ಲಿ ಬಿಲ್ಡರ್ ಒಬ್ಬ ಬಂದು ಸಹಿ ಹಾಕಿ ಕೊಂಡುಬಿಟ್ಟ. ಕಾರ್ಡು ಎತ್ತಿದವರೇ ಮೊದಲು ಗುಂಪು ಬಿಟ್ಟರು. ಕಾರಣ: ಕೆಲಸ ತುಂಬಾ ನಿಧಾನವಂತೆ.

ಡೆನ್ಮಾರ್ಕಿನಲ್ಲಿ ಕೋಹೌಸಿಂಗಿಗೆ ದಾರಿ ಹಾಕಿದ ವಾಸ್ತುಶಿಲ್ಪಿ ಯಾನ್ ಗುಡ್ಮಂಡ್ ಹೋಯರ್ ಮತ್ತು ಗೆಳೆಯರು 1964ರಲ್ಲೇ ಜಾಗ ಕೊಂಡಿದ್ದರು. ಅಕ್ಕಪಕ್ಕದವರು ತಕರಾರು ತೆಗೆದರು, ಯೋಜನೆ ನಿಂತುಹೋಯಿತು. ಅಲ್ಲಿನ ಮೊದಲ ಕೋಹೌಸಿಂಗ್, 27 ಮನೆಗಳ ಸೆಟ್ಟೆಡಾಮೆನ್, ಎದ್ದದ್ದು 1972ರಲ್ಲಿ. ಪಾಪ, ತಕರಾರಿಗೂ ಅವರು ಹೊರಗಿನವರನ್ನು ನಂಬಿಕೊಳ್ಳಬೇಕಿತ್ತು. ಈಗಿನ ಗುಂಪುಗಳು ಸ್ವಾವಲಂಬಿ. ಅದನ್ನು ಒಳಗೇ ತಯಾರಿಸಿಕೊಳ್ಳುತ್ತವೆ.

ಎಲ್ಲ ಗುಂಪಿಗೂ ಬೇಕಾದದ್ದು ಚಿಕ್ಕ ಮಕ್ಕಳಿರುವ ಸಂಸಾರ. ಬೇಕು ಅನ್ನುವವರೆಲ್ಲ ನಿವೃತ್ತರು. ಸಭೆ ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ. ಅಷ್ಟು ಹೊತ್ತು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಬೇಡಿ, ಎಲ್ಲರೂ ಮಕ್ಕಳ ಸಮಿತಿಯಲ್ಲಿ ಬ್ಯುಸಿ.

ಜಾಗ ಸಿಕ್ಕರೆ ಸೇರುತ್ತೇವೆ ಅನ್ನುತ್ತಾರೆ ಹೊರಗಿನವರು. ನೀವು ಸೇರಿ ದುಡ್ಡು ಹಾಕಿದರೆ ತಾನೇ ಜಾಗ ಅನ್ನುತ್ತಾರೆ ಒಳಗಿನವರು. ಎರಡೂ ಸರಿಯೇ. ಹಾಗಾಗಿ ದುಡ್ಡು ಹಿಡಿದು ಬಂದವರನ್ನು ಕೈಹಿಡಿದು ಕೂರಿಸಿಕೊಳ್ಳಬೇಕು, ಅಲ್ವಾ? ಒಂದು ಜೋಡಿ ಹಾಗೆಯೇ ಬಂತು ಅಂದುಕೊಳ್ಳಿ. ಚೆಕ್ ಕೈಯಲ್ಲೇ ಇದೆ. "ಅಯ್ಯೋ, ಅಷ್ಟು ಅವಸರ ಯಾಕೆ?" ಅಂತ ತಡೆಯುತ್ತಾರೆ. ಮೊದಲು ಮೂರು ಸಭೆಗೆ ಬರಬೇಕು, ಒಟ್ಟಿಗೆ ಊಟ ಮಾಡಬೇಕು. ಆಮೇಲೆ ಅವರಿಗೊಬ್ಬ ಗೆಳೆಯನನ್ನು ನೇಮಿಸಲಾಗುತ್ತದೆ. ಗೆಳೆಯರನ್ನು ನೇಮಿಸುವ ಸಮಿತಿ ಸೇರುವಷ್ಟರಲ್ಲಿ ಅವರು ಬೇರೆಲ್ಲೋ ಮಾಮೂಲಿ ಫ್ಲಾಟ್ ಕೊಂಡಾಗಿದೆ. ಎದುರುಮನೆಯವರ ಜೊತೆ ಭಾನುವಾರದ ಊಟವೂ ಶುರುವಾಗಿದೆ. ಅದೂ ಯಾರ ಕಾರ್ಡನ್ನೂ ಕೇಳದೆ!